ಪಾತ್ರೆ ಅಂಗಡಿ ಹಿತ್ತಿಲಿನ ಇತಿಹಾಸ

ಊರಿನ ಹೆಸರು ಬರೆಯುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರರಲ್ಲಿ ಒಂದು ಎಂದರೆ ಸಾಕು. ಮೂರೂ ಊರಿನವರು ಇದು ಪಕ್ಕದ ತಾಲ್ಲೂಕಿನ ಸಂಗತಿಯೆಂದು ಗಟ್ಟಿಯಾಗಿ ನಂಬುತ್ತಾರೆ. ತಮ್ಮ ಬಗ್ಗೆ ಒಳ್ಳೆಯದನ್ನು ಬಿಟ್ಟು ಬೇರೇನನ್ನೂ ನಂಬದಿರುವುದು ತಾಲ್ಲೂಕು ಕೇಂದ್ರಗಳ ಹುಟ್ಟುಗುಣ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವಳು. ಮೊದಲು ತುಮರಿಯಲ್ಲಿ, ಆಮೇಲೆ ಆನಂದಪುರದಲ್ಲಿ, ಕಡೆಗೆ ಈ ಊರಿನಲ್ಲಿ. ನಿವೃತ್ತಿಯಾದ ಮೇಲೂ ಇಲ್ಲೇ ಉಳಿದೆ. ಒಂದು ದಿನ ಅಧ್ಯಕ್ಷರು ಫೋನು ಮಾಡಿದರು. ಅಡಿಕೆ ಮಂಡಿಯ ಯಜಮಾನರಾದ ಅವರನ್ನು ಎಲ್ಲರೂ ಕರೆಯುವುದೇ ಅಧ್ಯಕ್ಷರು ಎಂದು. ಊರಿನಲ್ಲಿ ಯಾವ ಸಮಿತಿ ಹುಟ್ಟಿದರೂ ಅವರನ್ನು ತಲೆಯ ಮೇಲೆ ಹೊತ್ತುಕೊಂಡೇ ಹುಟ್ಟುತ್ತದೆ. ಈ ಸಲ ತಾಲ್ಲೂಕಿನ ಚರಿತ್ರೆ ಮತ್ತು ಸೌಲಭ್ಯಗಳ ಬಗ್ಗೆ ಒಂದು ದಪ್ಪ ಪುಸ್ತಕ ತರಬೇಕು, ಜೊತೆಗೆ ಊರಿಗೊಂದು ಕಮಾನು ಕಟ್ಟಿಸಬೇಕು ಎಂದು ಹೊರಟಿದ್ದರು. ಅದರಲ್ಲಿ ನನ್ನ ಕೆಲಸವೇನು ಎಂದು ಕೇಳಿದೆ.

"ಸಮಿತೀಲಿ ಒಬ್ರು ಹೆಂಗಸರು ಇರ್ಬೇಕು ಮೇಡಂ. ಇಲ್ದಿದ್ರೆ ಚೆನ್ನಾಗಿ ಕಾಣಲ್ಲ," ಎಂದರು.

ಅಷ್ಟು ಪ್ರಾಮಾಣಿಕವಾದ ಮಾತನ್ನು ಆ ಸಮಿತಿಯಲ್ಲಿ ನಾನು ಮತ್ತೆ ಕೇಳಲಿಲ್ಲ.

ಸೊಸೈಟಿಯ ಮಹಡಿಯ ಮೇಲೆ ಸಭೆ ಸೇರುತ್ತಿತ್ತು. ಕಾರ್ಯದರ್ಶಿಗಳು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಶಿರಸ್ತೇದಾರರಾಗಿ ನಿವೃತ್ತರಾದವರು. ಸರ್ವೀಸಿನಲ್ಲಿದ್ದಷ್ಟು ಕಾಲ ಜನರ ಅರ್ಜಿಗಳನ್ನು ಓದದೆ ಇಟ್ಟು, ಈಗ ತಾವು ಬರೆದ ಚುಟುಕಗಳನ್ನು ಜನ ಓದಬೇಕೆಂದು ಬಯಸುತ್ತಿದ್ದರು. ಇತಿಹಾಸದ ಭಾಗವನ್ನು ಅವರೇ ಬರೆದುಕೊಂಡು ಬಂದಿದ್ದರು. ಹಿಂದೆ ಒಬ್ಬ ರಾಣಿ ಶತ್ರುಗಳಿಂದ ತಪ್ಪಿಸಿಕೊಂಡು ಹೋಗುವಾಗ ನಮ್ಮೂರಿನ ಮೇಲೆ ಹಾದು, ನಮ್ಮ ಕೆರೆಯ ನೀರು ಕುಡಿದು, "ಇದು ಅಮೃತ" ಎಂದಳಂತೆ. ಆಧಾರವೇನು ಎಂದು ಕೇಳಿದೆ. ಜಾನಪದ ಎಂದರು. ಯಾರ ಬಾಯಲ್ಲಿರುವ ಜಾನಪದ ಎಂದು ಕೇಳಿದ್ದಕ್ಕೆ, ಅವರ ಮಾವನವರು ಹೇಳುತ್ತಿದ್ದರಂತೆ. ದಾರಿ ಅಂತ ಇದ್ದ ಮೇಲೆ ಯಾರಾದರೂ ಹಾದುಹೋಗಿಯೇ ಇರುತ್ತಾರೆ, ಅದರಲ್ಲೊಬ್ಬಳು ರಾಣಿಯಾಗಿದ್ದರೆ ಊರಿನವರು ಮಾಡಿದ್ದೇನು ಎಂದು ನನಗೆ ತಿಳಿಯಲಿಲ್ಲ. ಆದರೆ ಸಭೆ ತಲೆದೂಗಿತು. ಕೆಲವರ ಕಣ್ಣಲ್ಲಿ ನೀರೂ ಬಂತು. ಆ ಕೆರೆಗೆ ಈಗ ಪೇಟೆಯ ಚರಂಡಿ ಸೇರುತ್ತದೆ ಎಂಬುದನ್ನು ಯಾರೂ ನೆನೆಸಿಕೊಳ್ಳಲಿಲ್ಲ.

ರಾಣಿ ನೀರು ಕುಡಿದದ್ದಕ್ಕೆ ಇಡೀ ಅಧ್ಯಾಯ. ಅಣೆಕಟ್ಟಿನ ನೀರಲ್ಲಿ ಹಳ್ಳಿಗಳು ಮುಳುಗಿದ್ದಕ್ಕೆ ಒಂದು ಪ್ಯಾರಾ. ಗೇಣಿ ಮಾಡುತ್ತಿದ್ದವರಿಗೆ ಭೂಮಿ ಬಂದು ತಾಲ್ಲೂಕಿನ ಹಣೆಬರಹವೇ ಬದಲಾದದ್ದಕ್ಕೆ ಒಂದೇ ವಾಕ್ಯ. ಅಧ್ಯಕ್ಷರ ಮನೆತನವೂ ಗೇಣಿದಾರರದ್ದೇ. ಅವರ ತಂದೆ ಕಂಬಳಿ ಕೊಪ್ಪೆ ಹಾಕಿಕೊಂಡು ಒಡೆಯರ ಅಂಗಳದಲ್ಲಿ ನಿಲ್ಲುತ್ತಿದ್ದುದನ್ನು ಕಂಡವರು ಇನ್ನೂ ಇದ್ದಾರೆ. ನಾನಾಗಿದ್ದರೆ ಆ ಮನುಷ್ಯನ ಹೆಸರನ್ನೇ ಕಮಾನಿಗೆ ಇಡುತ್ತಿದ್ದೆ. ಅಧ್ಯಕ್ಷರಿಗೆ ಅಪ್ಪನಿಗಿಂತ ರಾಣಿಯೇ ಹತ್ತಿರವಾಗಿದ್ದಳು.

ನನ್ನ ಪಾಲಿಗೆ ಬಂದದ್ದು "ಜನೋಪಯೋಗಿ ಸೌಲಭ್ಯಗಳು" ಎಂಬ ಅಧ್ಯಾಯ. ಯಾರಿಗೂ ಬೇಡವಾದದ್ದು ಹೆಂಗಸಿಗೆ ಬಂತು. ಇರಲಿ ಎಂದು ಊರನ್ನು ಹೊಸದಾಗಿ ನೋಡುತ್ತಾ ತಿರುಗಿದೆ. ಗ್ರಂಥಾಲಯದಲ್ಲಿ "ಮಹಿಳೆಯರಿಗಾಗಿ" ಎಂಬ ಫಲಕದ ಕೆಳಗೆ ಕಾಲು ಮುರಿದ ಕುರ್ಚಿಗಳನ್ನು ಪೇರಿಸಿಟ್ಟಿದ್ದರು. ರಂಗಮಂದಿರದಲ್ಲಿ ನಾಟಕ ನಡೆದದ್ದು ಯಾರಿಗೂ ನೆನಪಿಲ್ಲ, ಸನ್ಮಾನಗಳು ಮಾತ್ರ ವಾರಕ್ಕೊಮ್ಮೆ. ಇಲ್ಲಿ ಸನ್ಮಾನ ಮಾಡಿಸಿಕೊಳ್ಳದೆ ಸಾಯುವುದು ಕಷ್ಟ. ಉದ್ಯಾನದಲ್ಲಿ ಒಂದು ಸಿಮೆಂಟಿನ ಜಿಂಕೆ, ಅದರ ಕೊಂಬಿಗೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು.

ತಾಲ್ಲೂಕು ಕಚೇರಿಗೂ ಹೋದೆ. ಪಹಣಿಗೆ, ಪಿಂಚಣಿಗೆ, ಜಾತಿ ಸರ್ಟಿಫಿಕೇಟಿಗೆ ಬಂದ ಹೆಂಗಸರು ಜಗಲಿಯಲ್ಲಿ ಕೂತಿದ್ದರು. ಬೆಳಗಿನ ಮೊದಲ ಬಸ್ಸಿಗೆ ಬಂದವರು, ಸಂಜೆ ಬಸ್ಸಿಗೆ ಹೋಗುವವರು. ಕಚೇರಿಯ ಪಕ್ಕದಲ್ಲಿ ಹೆಂಗಸರ ಶೌಚಾಲಯ ಇತ್ತು, ಅದರ ಬಾಗಿಲಿಗೆ ಬೀಗವೂ ಇತ್ತು. ಕೀ ಎಲ್ಲಿದೆ ಎಂದು ಕೇಳಿದರೆ ಅಟೆಂಡರು ಸಾಹೇಬರ ಕೋಣೆಯತ್ತ ಕೈ ತೋರಿಸಿದ. ಅಷ್ಟು ಜನರ ಎದುರಿಗೆ ಸಾಹೇಬರ ಹತ್ತಿರ ಹೋಗಿ ಆ ಕೀ ಕೇಳುವ ಧೈರ್ಯ ಯಾವ ಹೆಂಗಸಿಗಿದೆ? ನಾನು ತುಮರಿಯಲ್ಲಿದ್ದಾಗ ನೋಡಿದ್ದೆ. ಪೇಟೆಗೆ ಹೊರಟ ಹೆಂಗಸರು ಹಿನ್ನೀರು ದಾಟುವ ಲಾಂಚು ಹತ್ತುವ ಮೊದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಿದ್ದರು. ಬಿಸಿಲಿಗೆ ತುಟಿ ಒಣಗಿದರೂ ಒಂದು ಗುಟುಕು ಕುಡಿಯುತ್ತಿರಲಿಲ್ಲ.

ಆದರೆ ಈ ಊರಿಗೆ ಬರುವ ಹೆಂಗಸರಿಗೆ ಒಂದು ದಾರಿ ಗೊತ್ತಿತ್ತು. ತಾಲ್ಲೂಕು ಕಚೇರಿಯ ಓಣಿ ಶುರುವಾಗುವಲ್ಲಿ ಒಂದು ಜೈನರ ಮನೆ. ಪೇಟೆ ಬೀದಿಯ ಕಡೆಗೆ ಅವರದೇ ಪಾತ್ರೆ ಅಂಗಡಿ, ಓಣಿಯ ಕಡೆಗೆ ಹಿತ್ತಿಲು. ಹಿತ್ತಿಲ ಗೋಡೆಯಲ್ಲಿ ಒಂದು ಸಣ್ಣ ಬಾಗಿಲು, ಒಳಗೆ ಬಾವಿ, ಅದರಿಂದ ದೂರಕ್ಕೆ ಹೆಂಚು ಹೊದಿಸಿದ ಒಂದು ಕಕ್ಕಸು. ಬಾಗಿಲಿಗೆ ಚಿಲಕವಿಲ್ಲ. ಯಾವ ಹಳ್ಳಿಯ ಹೆಂಗಸಾದರೂ ದೂಡಿಕೊಂಡು ಒಳಗೆ ಹೋಗಬಹುದು. ತುಂಬಿಟ್ಟ ಬಕೆಟ್ಟು, ಚೊಂಬು, ಒಂದು ತುಂಡು ಸೋಪು. ಹೊರಗೆ ಬಂದರೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಸುಧಾರಿಸಿಕೊಳ್ಳಬಹುದು. ಅಲ್ಲಿ ಬದನೆ ಬೀಜ ಕೈ ಬದಲಾಯಿಸುತ್ತಿತ್ತು, ಮದುವೆಯ ಗಂಡು-ಹೆಣ್ಣಿನ ಸುದ್ದಿ ಹೊರಡುತ್ತಿತ್ತು. ಯಾವ ಗುಮಾಸ್ತ ಸಿಡುಕ, ಯಾವನು ಪರವಾಗಿಲ್ಲ ಎಂಬ ವಿವರ ಸಿಗುತ್ತಿತ್ತು. ಎಳೆಗೂಸಿಗೆ ಹಾಲೂಡಿಸಲೂ ಅದೇ ಜಾಗ. ನಾನೂ ಎಷ್ಟೋ ಸಲ ಹೋಗಿದ್ದೇನೆ. ಇಡೀ ತಾಲ್ಲೂಕಿನಲ್ಲಿ ಜನರಿಗೆ ನಿಜವಾಗಿ ಉಪಯೋಗಕ್ಕೆ ಬಂದ ಸೌಲಭ್ಯ ಅದೊಂದೇ ಎಂದು ನನಗೆ ಅನ್ನಿಸಿತು.

ಆ ಮನೆಯ ಹಿರಿಯಾಕೆಯನ್ನು ಎಲ್ಲರೂ ಪಾತ್ರೆ ಅಂಗಡಿ ಅಮ್ಮ ಎನ್ನುತ್ತಿದ್ದರು. ಎಪ್ಪತ್ತು ದಾಟಿದ ವಯಸ್ಸು, ತೆಳ್ಳಗಿನ ಮೈ, ಮಾತು ಮಾತ್ರ ಹಿತ್ತಾಳೆ ಪಾತ್ರೆಯ ಹಾಗೆ ಖಣಖಣ. ಇದು ಹೇಗೆ ಶುರುವಾಯಿತೆಂದು ಕೇಳಲು ಹೋದೆ. ಗೇಣಿ ಕೇಸುಗಳು ನಡೆಯುತ್ತಿದ್ದ ಕಾಲವಂತೆ, ಅಮ್ಮ ಆಗ ಹೊಸ ಸೊಸೆ. ಗಂಡ ಸತ್ತ ಒಬ್ಬ ಹೆಂಗಸು ತಾನೇ ಹೇಳಿಕೆ ಕೊಡಲು ದೂರದ ಹಳ್ಳಿಯಿಂದ ನಡೆದು ಬಂದಿದ್ದಳು. ಕಚೇರಿಯವರು ಬೆಳಗಿನಿಂದ ಕೂರಿಸಿ, ಮಧ್ಯಾಹ್ನದ ಮೇಲೆ ನಾಳೆ ಬಾ ಎಂದರು. ಅವಳು ಹೊರಗಾಗಿದ್ದಳು. ಸೀರೆಯ ಹಿಂಭಾಗ ಕಾಣದ ಹಾಗೆ ಹಿತ್ತಿಲ ಗೋಡೆಗೆ ಬೆನ್ನು ಕೊಟ್ಟು ನಿಂತು ಅಳುತ್ತಿದ್ದಳು. ಅಮ್ಮ ಅವಳನ್ನು ಒಳಗೆ ಕರೆದು, ಬಿಸಿನೀರು ಕೊಟ್ಟು, ತಮ್ಮದೇ ಒಂದು ಸೀರೆ ಉಡಿಸಿ ಕಳಿಸಿದರು. ಮರುದಿನ ಅವಳ ಜೊತೆ ಇನ್ನೊಬ್ಬಳು ಬಂದಳು.

"ಮಾವನೋರು ಬೈದ್ರು. ಕಂಡಕಂಡೋರೆಲ್ಲ ಬಂದ್ರೆ ಬಾವಿ ಮೈಲಿಗೆ ಆಗ್ತದೆ ಅಂದ್ರು," ಎಂದು ಅಮ್ಮ ಹೇಳಿದರು. "ನಾನಂದೆ, ನೀವು ಒಂದಿನ ಬೆಳಿಗ್ಗಿಂದ ಸಂಜೆ ತನಕ ಹೋಗ್ದೆ ಕೂತ್ಕಳಿ ಮಾವ, ಆಮೇಲೆ ಚಿಲಕ ಹಾಕ್ತೀನಿ ಅಂತ. ಚಿಲಕ ಹಾಕೋ ದಿನ ಬರ್ಲೇ ಇಲ್ಲ."

ಆಗ ಬರುತ್ತಿದ್ದವರನ್ನು ಒಬ್ಬೊಬ್ಬರಾಗಿ ನೆನೆಯುತ್ತಾ, ಈಗಿನ ಅಧ್ಯಕ್ಷರ ತಾಯಿಯೂ ಬರುತ್ತಿದ್ದರೆಂದು ಹೇಳಿದರು. ಕಂಕುಳಲ್ಲಿ ಈ ಅಧ್ಯಕ್ಷರೇ ಇರುತ್ತಿದ್ದರಂತೆ.

ನಾನು ಇದನ್ನೆಲ್ಲ ನೇರವಾಗಿ ಬರೆದು ಸಭೆಯಲ್ಲಿ ಓದಿದೆ. ಓದಿ ಮುಗಿಯುವ ಮೊದಲೇ ಒಬ್ಬರು ಕೆಮ್ಮಿದರು, ಇಬ್ಬರು ನಕ್ಕರು. ಅಧ್ಯಕ್ಷರು ಉಪ್ಪಿಟ್ಟಿನ ತಟ್ಟೆಯನ್ನು ದೂರ ಸರಿಸಿದರು.

"ಕಕ್ಕಸಿನ ಸುದ್ದಿ ಪುಸ್ತಕದಲ್ಲಿ ಹಾಕಕ್ಕಾಗ್ತದಾ ಮೇಡಂ? ನಾಳೆ ಮಂತ್ರಿಗಳಿಗೆ ಕೊಡೋ ಪುಸ್ತಕ ಇದು."

ಮಂತ್ರಿಗಳೂ ಕಕ್ಕಸಿಗೆ ಹೋಗುತ್ತಾರಲ್ಲ ಎಂದೆ. ಆಗ ಕಾರ್ಯದರ್ಶಿಗಳು ಮಧ್ಯಸ್ಥಿಕೆಗೆ ಬಂದರು. ವಿಷಯ ಮಾನವೀಯವಾಗಿದೆ, ಪದ ಮಾತ್ರ ಒರಟಾಗಿದೆ, ಆದ್ದರಿಂದ ಕಕ್ಕಸನ್ನು ಅರವಟ್ಟಿಗೆ ಎಂದು ತಿದ್ದಬಹುದು ಎಂದರು. ದಾರಿಹೋಕರಿಗೆ ನೀರು, ಮಜ್ಜಿಗೆ ಕೊಟ್ಟು ದಣಿವಾರಿಸುತ್ತಿದ್ದ ಪುಣ್ಯದ ಮನೆ ಎಂದು ಬರೆದರೆ ಶಿಷ್ಟವಾಗಿರುತ್ತದೆ, ರಾಣಿ ನೀರು ಕುಡಿದದ್ದಕ್ಕೂ ಕೂಡಿಕೊಳ್ಳುತ್ತದೆ. ನಾನು ಎಷ್ಟೋ ವರ್ಷ ಮಕ್ಕಳ ಉತ್ತರ ಪತ್ರಿಕೆ ತಿದ್ದಿದವಳು. ಪರೀಕ್ಷೆಯ ಭಯಕ್ಕೆ ಏನೇನೋ ಬರೆದ ಮಕ್ಕಳನ್ನು ಕಂಡಿದ್ದೇನೆ. ಹೆಂಗಸರ ಹೊಟ್ಟೆಯೊಳಗಿಂದ ನೀರು ಹೊರಗೆ ಹೋಗುವ ಜಾಗವನ್ನು ನೀರು ಒಳಗೆ ಹೋಗುವ ಜಾಗವೆಂದು ಬರೆದ ದಡ್ಡ ಮಾತ್ರ ಯಾವ ತರಗತಿಯಲ್ಲೂ ಸಿಕ್ಕಿರಲಿಲ್ಲ.

"ನಿಮ್ಮ ತಾಯಿನೂ ಅಲ್ಲಿಗೇ ಹೋಗ್ತಿದ್ರಂತೆ ಅಧ್ಯಕ್ಷರೇ. ನಿಮ್ಮನ್ನ ಎತ್ಕಂಡು," ಎಂದೆ.

 ಅವರ ಮುಖ ಕೆಂಪಾಗಿ, ಆಮೇಲೆ ಬಿಳಿಚಿತು. "ಅದೆಲ್ಲ ಈಗ ಎತ್ತಬಾರ್ದು ಮೇಡಂ," ಎಂದರು ಸಣ್ಣ ದನಿಯಲ್ಲಿ. ಆ ಒಂದು ಕ್ಷಣ ಅವರ ಮೇಲೆ ನನಗೆ ಕನಿಕರ ಬಂದದ್ದು ನಿಜ. ಆದರೆ ಮರುಕ್ಷಣವೇ ಅವರು ಕಮಾನಿನ ಬಣ್ಣ ಯಾವುದಿರಬೇಕೆಂದು ಚರ್ಚೆಗೆ ಕೊಟ್ಟರು, ಕನಿಕರ ಇಳಿದುಹೋಯಿತು.

ಕಮಾನು ತಾಲ್ಲೂಕು ಕಚೇರಿ ಓಣಿಯ ಬಾಯಲ್ಲೇ ಬರಬೇಕೆಂದು ತೀರ್ಮಾನವಾಗಿತ್ತು. ರಾಣಿ ಹಾದುಹೋದದ್ದು ಅಲ್ಲೇ ಅಂತೆ. ಅಷ್ಟು ಅಗಲದ ಕಂಬಕ್ಕೆ ಓಣಿಯಲ್ಲಿ ಜಾಗ ಸಾಲದೆ, ಒಂದು ಕಂಬದ ಪಾಯ ಪಾತ್ರೆ ಅಂಗಡಿಯ ಹಿತ್ತಿಲ ಮೂಲೆಗೆ ಬಂತು. ಅಮ್ಮನ ಮಗ ಈಗ ಅಂಗಡಿ ನೋಡಿಕೊಳ್ಳುವವರು. ಕಂಬದ ಮೇಲೆ ಕಲ್ಲಿನಲ್ಲಿ ಅವರ ಮನೆತನದ ಹೆಸರು ಕೆತ್ತಿಸುತ್ತೇವೆ ಎಂದಾಗ ಅವರು ಕರಗಿಹೋದರು. ತಾಯಿಗೆ ಒಂದು ಮಾತು ಹೇಳಬೇಕೆಂದು ಅವರಿಗೂ ತೋರಲಿಲ್ಲ, ಸಮಿತಿಯವರಿಗಂತೂ ಮೊದಲೇ ಇಲ್ಲ. ಅಮ್ಮ ಹೊಂಬುಜದ ಬಸದಿಗೆ ದರ್ಶನಕ್ಕೆಂದು ಹೋಗಿದ್ದ ದಿನ ಜೇಸಿಬಿ ಬಂತು. ಗೋಡೆ, ಬಾಗಿಲು, ಕಕ್ಕಸು ಎಲ್ಲ ಒಂದೇ ಬೆಳಿಗ್ಗೆಗೆ ನೆಲಸಮ. ಬಾವಿಗೆ ಮಾತ್ರ ಏನೂ ಆಗಲಿಲ್ಲ.

ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಅಮ್ಮ ವಾಪಸು ಬಂದಿದ್ದರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಒಡೆದ ಹೆಂಚುಗಳನ್ನು ನೋಡುತ್ತಿದ್ದರು. ಅಳುತ್ತಿರಲಿಲ್ಲ. ಓಣಿಯಲ್ಲಿ ಮೂರ್ನಾಲ್ಕು ಹೆಂಗಸರು ಏನು ಮಾಡುವುದೆಂದು ತಿಳಿಯದೆ ನಿಂತಿದ್ದರು. ಅವರಲ್ಲೊಬ್ಬಳು ತುಂಬಿದ ಬಸುರಿ. ಅಮ್ಮ ಎದ್ದರು. "ಸುತ್ತು ಹಾಕ್ಕಂಡು ಮುಂದಿನ ಬಾಗ್ಲಿಂದ ಬನ್ನಿ," ಎಂದರು.

ಆ ಹೆಂಗಸರು ಪೇಟೆ ಬೀದಿಗೆ ಬಂದು, ಅಂಗಡಿಯ ಮೆಟ್ಟಿಲು ಹತ್ತಿ, ಸ್ಟೀಲ್ ಡಬ್ಬಿಗಳ, ಕುಕ್ಕರುಗಳ ನಡುವೆ ಹಾದು, ಗಲ್ಲಾದಲ್ಲಿ ಕೂತ ಮಗನ ಪಕ್ಕದಿಂದ ಒಳಗೆ ಹೋದರು. ನಡುಮನೆ ದಾಟಿ, ಮಗನೂ ಸೊಸೆಯೂ ಬಳಸುವ ಟೈಲ್ಸ್ ಹಾಕಿದ ಬಚ್ಚಲಿಗೆ. ಮದುವೆಗೆ ಪಾತ್ರೆ ಕೊಳ್ಳಲು ಬಂದ ಒಂದು ಕುಟುಂಬ ನೋಡುತ್ತಾ ನಿಂತಿತ್ತು. ಹೆಂಗಸರು ಹೋದ ಮೇಲೆ ಮಗ ಒಳಗೆ ಬಂದು, ಗಿರಾಕಿಗಳ ಎದುರಿಗೆ ಇದೆಂಥ ಅವಸ್ಥೆ, ಅಂಗಡಿಯ ಮರ್ಯಾದೆ ಏನಾಗಬೇಕು ಎಂದು ಶುರುಮಾಡಿದರು.

"ಹಿಂದಿನ ಬಾಗ್ಲು ಕೆಡವ್ಸಿದ್ದು ನೀನೇ ಅಲ್ಲನಾ?" ಎಂದರು ಅಮ್ಮ. "ಇನ್ನು ಮುಂದಿನ ಬಾಗ್ಲಲ್ಲೇ ಬರ್ತಾರೆ."

ಅವತ್ತಿನಿಂದ ಹಾಗೇ ನಡೆಯಿತು. ಬೆಳಿಗ್ಗೆ ಬಾಗಿಲು ತೆರೆದರೆ ಅಂಗಡಿಯೊಳಗೆ ಹೆಂಗಸರ ಸಾಲು. ಸೊಸೆ ಮೊದಲು ಮುಖ ಗಂಟು ಹಾಕಿದಳು. ಆಮೇಲೆ ಒಂದು ದಿನ ಅವಳೇ ಬಾಗಿಲಲ್ಲಿ ನಿಂತು ಬಂದವರಿಗೆ ದಾರಿ ತೋರಿಸುತ್ತಿದ್ದುದನ್ನು ಕಂಡೆ. ಗಂಡನ ಗೋಳು ನೋಡುವುದು ಅವಳಿಗೂ ಖುಷಿಯೆಂದು ಕಾಣುತ್ತದೆ. ಮಗ ಅಧ್ಯಕ್ಷರ ಹತ್ತಿರ ದೂರು ಹೇಳಿದರಂತೆ. ಅವರು ಇದು ಕುಟುಂಬದ ಒಳಗಿನ ವಿಷಯ, ಸಮಿತಿ ತಲೆಹಾಕುವುದಿಲ್ಲ ಎಂದರಂತೆ. ಹಿತ್ತಿಲೊಳಗೆ ಜೇಸಿಬಿ ನುಗ್ಗಿಸಿದ ಸಮಿತಿಗೆ ನಡುಮನೆ ಎದುರಾದ ಕೂಡಲೇ ಸಂಕೋಚ ಹುಟ್ಟಿತು.

ಕಮಾನಿನ ಉದ್ಘಾಟನೆ ಮತ್ತು ಪುಸ್ತಕ ಬಿಡುಗಡೆ ಒಂದೇ ದಿನ. ಮುಖ್ಯ ಅತಿಥಿಗಳು ಮೈಸೂರಿನಿಂದ ಬಂದ ನಿವೃತ್ತ ಪ್ರಾಧ್ಯಾಪಕಿ. ಮಹಿಳೆ ಮತ್ತು ಇತಿಹಾಸ ಎಂಬ ವಿಷಯದಲ್ಲಿ ದೊಡ್ಡ ಹೆಸರು ಮಾಡಿದವರೆಂದು ಆಮಂತ್ರಣದಲ್ಲಿತ್ತು. ಬೆಳಿಗ್ಗೆ ಕಾರಿನಿಂದ ಇಳಿಸಿ ನೇರವಾಗಿ ರಂಗಮಂದಿರದ ವೇದಿಕೆ ಹತ್ತಿಸಿದರು. ಸ್ವಾಗತ, ಪ್ರಾಸ್ತಾವಿಕ, ಕಾರ್ಯದರ್ಶಿಗಳ ಚುಟುಕ, ಹಾರ, ಶಾಲು, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ. ನಾನು ಅವರ ಪಕ್ಕದ ಕುರ್ಚಿಯಲ್ಲಿದ್ದೆ, ಸಮಿತಿಯ ಹೆಂಗಸಾಗಿ. ಮೂರನೆಯ ಭಾಷಣ ನಡೆಯುತ್ತಿದ್ದಾಗ ಆಕೆ ಬಗ್ಗಿ ನನ್ನ ಕಿವಿಯಲ್ಲಿ, ಇಲ್ಲಿ ಟಾಯ್ಲೆಟ್ ಎಲ್ಲಿದೆ, ಬಹಳ ಹೊತ್ತಾಯಿತು ಎಂದರು. ಮುಖದಲ್ಲಿ ಬೆವರಿತ್ತು.

ರಂಗಮಂದಿರದ ಹಿಂದೆ ಗಂಡಸರಿಗೊಂದು ಗೋಡೆಯಿತ್ತು, ಅಷ್ಟೆ. ನಾನು ಆಕೆಯನ್ನು ಎಬ್ಬಿಸಿ, ಹೊಸ ಕಮಾನಿನ ಕೆಳಗಿಂದ ನಡೆಸಿಕೊಂಡು ಪಾತ್ರೆ ಅಂಗಡಿಗೆ ಕರೆದೊಯ್ದೆ. ಅಮ್ಮ ಏನೂ ಕೇಳಲಿಲ್ಲ. ಆಕೆಯ ಶಾಲು, ಮುಟ್ಟಾಳೆ ತೆಗೆದಿಟ್ಟುಕೊಂಡು ಒಳಗೆ ಕಳಿಸಿದರು. ಹೊರಗೆ ಬಂದಾಗ ಲಿಂಬೆ ಪಾನಕ ಕೊಟ್ಟರು. ನಾನು ದಾರಿಯಲ್ಲೂ, ಅಲ್ಲಿ ಕೂತೂ, ಆ ಮನೆಯ ಕಥೆಯನ್ನೆಲ್ಲ ಆಕೆಗೆ ಹೇಳಿದೆ. ಗೇಣಿ ಕೇಸಿನ ಹೆಂಗಸಿನಿಂದ ಹಿಡಿದು ಜೇಸಿಬಿಯ ತನಕ. ಆಕೆ ಅಮ್ಮನ ಎರಡೂ ಕೈ ಹಿಡಿದುಕೊಂಡರು. ಇದು ನಿಜವಾದ ಇತಿಹಾಸ, ಇದನ್ನು ನಾನು ಇವತ್ತು ವೇದಿಕೆಯಲ್ಲಿ ಹೇಳದೆ ಬಿಡುವುದಿಲ್ಲ ಎಂದರು. ಕಣ್ಣು ಒದ್ದೆಯಾಗಿತ್ತು. ನಾನು ನಂಬಿದೆ.

ವೇದಿಕೆಗೆ ಮರಳಿ ಆಕೆ ಮಾತಾಡಿದ್ದು ರಾಣಿಯ ಬಗ್ಗೆ. ರಾಣಿ ಕುದುರೆಯೇರಿ ಬಂದದ್ದನ್ನು, ನೀರು ಕುಡಿದದ್ದನ್ನು, ಕಾರ್ಯದರ್ಶಿಗಳಿಗೂ ಗೊತ್ತಿರದಷ್ಟು ವಿವರವಾಗಿ ಹೇಳಿದರು. ಇಂಥ ಕಮಾನನ್ನು ಕಟ್ಟಿದ ಊರು ಹೆಣ್ಣನ್ನು ಗೌರವಿಸುವ ಊರು ಎಂದರು. ಅಧ್ಯಕ್ಷರನ್ನು ಇತಿಹಾಸ ಪ್ರಜ್ಞೆಯ ಕಣಜ ಎಂದರು. ಪಾತ್ರೆ ಅಂಗಡಿಯ ಹೆಸರಿಲ್ಲ. ಇಳಿದು ಬಂದು ನನ್ನ ಭುಜ ಮುಟ್ಟಿ, ಸಮಯವಾಗಲಿಲ್ಲ, ಸಂದರ್ಭವೂ ಸರಿಯಾಗಿರಲಿಲ್ಲ ಎಂದು ಹೇಳಿ ಕಾರು ಹತ್ತಿದರು. ಅಧ್ಯಕ್ಷರ ಮೇಲೆ, ಕಾರ್ಯದರ್ಶಿಗಳ ಮೇಲೆ ನನಗಿದ್ದ ತಾತ್ಸಾರವೆಲ್ಲ ಆ ಹೊತ್ತು ಮಗುವಿನ ಮುನಿಸಿನ ಹಾಗೆ ಕಂಡಿತು. ಅವರಿಗೆ ಕೇಳಿದರೂ ಅರ್ಥವಾಗಲಿಲ್ಲ ಎನ್ನಬಹುದು. ಈಕೆಗೆ ಅರ್ಥವಾಗಿತ್ತು. ಆ ಮನೆಯ ನೀರಿನಲ್ಲಿ ತೊಳೆದ ಕೈ ಇನ್ನೂ ಆರಿರಲಿಲ್ಲ.

ಸಂಜೆ ಅಮ್ಮನಿಗೆ ಇದನ್ನು ಹೇಳಿ, ಪ್ರಾಧ್ಯಾಪಕಿಯನ್ನು ಬೈದಾಡಿದೆ. ಅಮ್ಮ ಅವರೆಕಾಯಿ ಸುಲಿಯುತ್ತಿದ್ದರು.

"ಅವ್ರಿಗೆ ಅರ್ಜೆಂಟಿತ್ತು, ಆಯ್ತಲ್ಲ ಅಕ್ಕೋರೆ," ಎಂದರು. "ಭಾಷಣ ಮಾಡ್ಲಿ ಅಂತ ನಾನು ಯಾರನ್ನೂ ಒಳಗೆ ಬಿಟ್ಟಿಲ್ಲ."

ಅದು ಅವರ ದೊಡ್ಡತನ. ನನಗೆ ಅಷ್ಟು ದೊಡ್ಡತನ ಇಲ್ಲ, ಬೇಕೆಂದೂ ಅನ್ನಿಸುವುದಿಲ್ಲ. ಪುಸ್ತಕ ತೆರೆದು ನೋಡಿದೆ. ನನ್ನ ಅಧ್ಯಾಯದಲ್ಲಿ ನನ್ನ ಹೆಸರಿನ ಕೆಳಗೆ, ಹೆಸರಾಂತ ಅರವಟ್ಟಿಗೆಯೊಂದರ ವರ್ಣನೆಯಿತ್ತು. ಶಾಲೆಗಳ ರಸಪ್ರಶ್ನೆಯಲ್ಲಿ ಈಗ ಅದನ್ನು ಕೇಳುತ್ತಾರೆ, ಮಕ್ಕಳು ಸರಿಯುತ್ತರ ಕೊಟ್ಟು ಲೋಟ, ತಟ್ಟೆ ಗೆಲ್ಲುತ್ತಾರೆ. ನಾನು ಅಧ್ಯಕ್ಷರ ಮನೆಗೆ ಹೋಗಿ ನನ್ನ ಹೆಸರು ತೆಗೆಯಿರಿ ಎಂದೆ. ಮುಂದಿನ ಮುದ್ರಣದಲ್ಲಿ ನೋಡೋಣ ಎಂದರು. ಸಮಿತಿಯಿಂದ ಹೊರಬಂದೆ. ನನ್ನ ಜಾಗಕ್ಕೆ ಬೇರೊಬ್ಬ ಹೆಂಗಸು ಸಿಕ್ಕಳು.

ಮಗ ಮಾತ್ರ ಹೆಚ್ಚು ದಿನ ತಡೆಯಲಿಲ್ಲ. ಮದುವೆಯ ಕಾಲ ಹತ್ತಿರ ಬರುತ್ತಿತ್ತು, ಅಂಗಡಿಯೊಳಗೆ ಗಿರಾಕಿಗಳಿಗಿಂತ ಬಚ್ಚಲಿಗೆ ಬಂದವರೇ ಜಾಸ್ತಿಯಾಗಿದ್ದರು. ಹಿತ್ತಿಲ ಇನ್ನೊಂದು ಮೂಲೆಯಲ್ಲಿ ತಾನೇ ಮೇಸ್ತ್ರಿಯನ್ನು ಹಿಡಿದು ಎರಡು ಹೊಸ ಕಕ್ಕಸು ಕಟ್ಟಿಸಿದರು. ಓಣಿಗೆ ಬಾಗಿಲು ತೆಗೆಸಿದರು. ಅದಕ್ಕೆ ಚಿಲಕ ಇಡುವುದೋ ಬೇಡವೋ ಎಂದು ತಾಯಿಯನ್ನು ಕೇಳಿದರಂತೆ. ಕರುಣೆಯಿಂದ ಆದದ್ದಲ್ಲ, ಹೆದರಿಕೆಯಿಂದ ಆದದ್ದು. ನಮ್ಮೂರಿನಲ್ಲಿ ಒಳ್ಳೆಯ ಕೆಲಸ ಬೇರೆ ಯಾವ ಕಾರಣಕ್ಕಾದರೂ ಆದದ್ದನ್ನು ನಾನು ಕಾಣೆ.

ಇದನ್ನು ಅಧ್ಯಕ್ಷರು ಬಿಟ್ಟಾರೆಯೇ? ಸಮಿತಿಯ ಸಹಕಾರದಿಂದ ಎಂದು ಫ್ಲೆಕ್ಸ್ ಹಾಕಿಸಿ, ಟೇಪು, ಕತ್ತರಿ, ಫೋಟೋದವನ ಸಮೇತ ಓಣಿಗೆ ಬಂದರು. ನಾನೂ ನೋಡಲು ಹೋಗಿದ್ದೆ. ಬಾಗಿಲಿಗೆ ಟೇಪು ಕಟ್ಟಬೇಕೆನ್ನುವಾಗ ಒಳಗೆ ಒಬ್ಬ ಹೆಂಗಸಿದ್ದಾಳೆಂದು ಗೊತ್ತಾಯಿತು. ಬೆಳಗಿನ ಬಸ್ಸಿಗೆ ಬಂದವಳು, ಅವಳಿಗೆ ಉದ್ಘಾಟನೆಯ ಸುದ್ದಿ ಗೊತ್ತಿರಲಿಲ್ಲ. ಬಿಳಿ ಪಂಚೆ, ಜರಿ ಶಾಲಿನಲ್ಲಿ ಅಧ್ಯಕ್ಷರು ಕತ್ತರಿ ಹಿಡಿದು ಕಾದರು. ಅವಳು ನಿಧಾನವಾಗಿ ಹೊರಬಂದು, ಸೆರಗಿಗೆ ಕೈ ಒರೆಸಿಕೊಂಡು, ಅಷ್ಟು ಜನ ಗಂಡಸರು ಸಾಲಾಗಿ ನಿಂತಿದ್ದನ್ನು ಕಂಡಳು.

"ಇದು ಹೆಂಗಸರಿಗೆ ಮಾತ್ರ ಅಂತೆ ಅಣ್ಣ," ಎಂದಳು, ಅಧ್ಯಕ್ಷರಿಗೆ ತಿಳಿಯಲಿಲ್ಲವೇನೋ ಎಂಬಂತೆ. "ನಿಮಗಾದ್ರೆ ಅಲ್ಲಿ ಗೋಡೆ ಅದೆ."

ಯಾರೂ ನಗಲಿಲ್ಲ. ನಾನು ಮಾತ್ರ ನಕ್ಕೆ. ಆಮೇಲೆ ಟೇಪು ಕಟ್ಟಿದರು, ಕತ್ತರಿಸಿದರು, ಚಪ್ಪಾಳೆ ತಟ್ಟಿದರು. ಪತ್ರಿಕೆಯಲ್ಲಿ ಫೋಟೋ ಬಂತು. ಅಧ್ಯಕ್ಷರು, ಕಾರ್ಯದರ್ಶಿಗಳು, ಮಗ, ಓಣಿಯಲ್ಲಿ ಅಡ್ಡಾಡುತ್ತಿದ್ದ ಇಬ್ಬರು ಅಪರಿಚಿತರು ಎಲ್ಲ ಇದ್ದಾರೆ. ಅಮ್ಮ ಇಲ್ಲ. ಫೋಟೋ ತೆಗೆಯುವಾಗ ಅವರು ಬಾವಿಯ ಹತ್ತಿರ ಖಾಲಿಯಾದ ಬಕೆಟ್ಟಿಗೆ ನೀರು ಹೊಯ್ಯುತ್ತಿದ್ದರು.